ಸ್ಪಷ್ಟನೆ: ಮುಂಗಡ ತೀರಿಸದಿದ್ದರೂ ಜೀತದಿಂದ ಹೊರಬರಬಹುದು

'ಮುಂಗಡ ತಗೊಂಡ ಆಳು ಅದನ್ನು ಪೂರ್ತಿ ತೀರಿಸದೆ ಕೆಲಸ ಬಿಟ್ಟರೆ ಜೈಲು' ಅನ್ನುವ ಮೆಸೇಜ್ ಕೋಲಾರ, ಮಾಲೂರು ಕಡೆ ಓಡಾಡುತ್ತಿದೆ. ಇದನ್ನು ನಂಬಬೇಡಿ. ದಯವಿಟ್ಟು ಯಾರಿಗೂ ಕಳಿಸಲೂಬೇಡಿ.

ಸಾಲಕ್ಕೆ ಬದಲಾಗಿ ಕೂಲಿಯೇ ಇಲ್ಲದೆ, ಅಥವಾ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಜೀತ. ಬೇರೆ ಕಡೆ ಕೆಲಸಕ್ಕೆ ಹೋಗದಂತೆ ಸಾಲದಿಂದ ಕಟ್ಟಿಹಾಕಿದರೂ ಅಷ್ಟೇ. ಇಟ್ಟಿಗೆ ಗೂಡಾಗಲಿ, ತೋಟವಾಗಲಿ, ಮನೆಗೆಲಸವಾಗಲಿ, ಲೆಕ್ಕ ಒಂದೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಅಂಥ ಸಾಲವೇ ರದ್ದು. ವಸೂಲಿಗೆ ಕೋರ್ಟಿಗೂ ಹೋಗುವಂತಿಲ್ಲ. ಜೈಲಿನ ಮಾತು ಬಂದರೆ, ಅದು ದುಡಿಸಿಕೊಂಡವನಿಗೆ: 3 ವರ್ಷದವರೆಗೆ.

ಧಣಿಯ ನೋಟ್‌ಬುಕ್ಕಿನಲ್ಲಿ ಹೆಸರು, ಮೊತ್ತ, ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು. ಆ ಗುರುತು ನೋಡಿಯೇ ಎಷ್ಟೋ ಜನ ಹೆದರಿ ಸುಮ್ನೆ ಇದ್ದುಬಿಡುತ್ತಾರೆ. ನನಗೆ ತುಂಬಾ ನೋವಾಗುವುದು ಇಲ್ಲೇ. ಯಾಕಂದ್ರೆ ಅದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವರು ಸಾಲ ಕೊಟ್ಟವರೇ, ಆಳಲ್ಲ.

ಹಾಗಂತ ಕಾಯ್ದೆ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಜೀತದಲ್ಲಿರುವವರು ಬಾಯಿ ಬಿಡಬೇಕು, ಊರಿನವರು ಜೊತೆ ನಿಲ್ಲಬೇಕು. ಡಿಸಿ (ಜಿಲ್ಲಾಧಿಕಾರಿ) ಅಥವಾ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ವಿಚಾರಣೆ ಆದ ಮೇಲೆ ಬಿಡುಗಡೆ ಪತ್ರ ಕೇಳಿ ಪಡೆಯಿರಿ. ಪುನರ್ವಸತಿ ಹಣಕ್ಕೆ ಅದು ಬೇಕು. ಅಡವಿಟ್ಟ ಆಸ್ತಿಯನ್ನೂ ವಾಪಸ್ ಕೊಡಬೇಕು. ಜೀತಕ್ಕೆ ಪ್ರತಿಯಾಗಿ ಕೊಟ್ಟ ಮನೆಯಿಂದಲೂ ಅವರನ್ನು ಹೊರಹಾಕುವಂತಿಲ್ಲ.