ಟಿವಿ ದೊಡ್ಡದಾಯ್ತು, ಮಾತು ಕೇಳಿಸದಾಯ್ತು

ಈ ಸಲ ಶಿವಮೊಗ್ಗಕ್ಕೆ ಹೋದಾಗ ತಮ್ಮ ಹೊಸ ಟಿವಿ ತೋರಿಸಿದ. 65 ಇಂಚು, ಫೋರ್‌ಕೆ. ಹಾಲ್‌ನಲ್ಲಿದ್ದ ಶೋಕೇಸ್ ಕೀಳಿಸಿ ಗೋಡೆಗೆ ಹಾಕಿಸಿದ್ದಾನೆ. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ಆಗ ತಗೊಂಡಿದ್ದು. ಚಿತ್ರ ನಿಜಕ್ಕೂ ಚೆನ್ನಾಗಿದೆ. ಧಾರಾವಾಹಿಯ ಅತ್ತೆ ಉಟ್ಟ ಸೀರೆಯ ಜರಿ ಎಳೆಎಳೆಯಾಗಿ ಕಾಣುತ್ತದೆ. ಆದರೆ ಆ ಅತ್ತೆ ಏನಂದಳು ಅಂತ ಅಮ್ಮನಿಗೆ ಕೇಳಿಸಲಿಲ್ಲ.

ವಾಲ್ಯೂಮ್ ಏರಿಸಿದರು. ಅಷ್ಟರಲ್ಲಿ ಜಾಹೀರಾತು ಬಂದು ಕಿವಿ ಹರಿದುಹೋಗೋ ಹಾಗೆ ಕಿರುಚಿತು. ರಿಮೋಟ್ ಹುಡುಕಿ ಮ್ಯೂಟ್ ಮಾಡಿದರು. ಮತ್ತೆ ಸದ್ದು ಹಾಕೋ ಹೊತ್ತಿಗೆ ಎರಡು ಮಾತು ದಾಟಿಹೋಗಿತ್ತು. ದಿನಾ ಸಂಜೆ ಇದೇ ಕಥೆಯಂತೆ. "ವಯಸ್ಸಾಯ್ತಲ್ಲಪ್ಪ, ಕಿವಿ ಮಂದ ಆಗಿದೆ" ಅಂದರು.

ನನಗೆ ಚುಚ್ಚಿದ್ದು ಆ ಮಾತು. ಅಮ್ಮನ ಕಿವಿಗೆ ಏನೂ ಆಗಿಲ್ಲ. ಒಳಗೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಹಾಲ್‌ನಲ್ಲಿ ಕೂತೇ ಲೆಕ್ಕ ಇಡುತ್ತಾರೆ. ತಪ್ಪು ಟಿವಿಯದ್ದು.

ಟಿವಿ ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಇಲ್ಲದಂತಾಗಿದೆ. ಹಳೇ ಡಬ್ಬಾ ಟಿವಿಗಳಲ್ಲಿ ಎಷ್ಟೋ ಸಲ ಸ್ಪೀಕರ್ ನಮ್ಮ ಕಡೆಗೇ ಮುಖ ಮಾಡಿರುತ್ತಿತ್ತು. ಈಗ ಹೆಚ್ಚಿನವುಗಳಲ್ಲಿ 10 ವಾಟಿನ ಎರಡು ಪುಟ್ಟ ಸ್ಪೀಕರ್, ಅವೂ ಕೆಳಕ್ಕೋ ಹಿಂದಕ್ಕೋ ತಿರುಗಿರುತ್ತವೆ. ಮಾತು ಗೋಡೆಗೆ ಬಡಿದು, ನೆಲಕ್ಕೆ ಬಡಿದು ಆಮೇಲೆ ನಮ್ಮ ಹತ್ತಿರ ಬರುತ್ತದೆ. ಸುತ್ತಲಿಂದಲೂ ಮೇಲಿಂದಲೂ ಸದ್ದು ಬಂದಂತೆ ಕೇಳಿಸುವ ಡಾಲ್ಬಿ ಅಟ್ಮಾಸ್ ತಂತ್ರದ ಸ್ಟಿಕರ್ ತಮ್ಮ ತೋರಿಸಿದ. ಆ ಬಗೆಯ ಸಿಗ್ನಲ್ ಟಿವಿಗೆ ಅರ್ಥವಾಗುತ್ತದೆ ಅನ್ನೋದಕ್ಕೆ ಅದು ಗುರುತು ಅಷ್ಟೇ. ಹೊರಗೆ ಬರಬೇಕಾದ್ದು ಅವೇ ಎರಡು ಸ್ಪೀಕರ್‌ನಿಂದ ತಾನೇ? ಅಂಗಡಿಯಲ್ಲಿ ಸೌಂಡ್ ಕೇಳಿದ್ಯಾ ಅಂತ ವಿಚಾರಿಸಿದೆ. ಅಲ್ಲಿ ಸಾಲಾಗಿ ಹಚ್ಚಿಟ್ಟಿದ್ದ ಟಿವಿಗಳೆಲ್ಲ ಮ್ಯೂಟ್‌ನಲ್ಲಿದ್ದವಂತೆ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಟಿವಿ ಬೆಲೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ತಮ್ಮನ ಟಿವಿಗೆ 55,000 ಆಯಿತು, ಇಲ್ಲೂ ಅಂಥದ್ದು 450–500 ಪೌಂಡಿಗೆ ಸಿಗುತ್ತದೆ. ವ್ಯತ್ಯಾಸ ಇರುವುದು ಸದ್ದಿನಲ್ಲಿ. ನನ್ನದು 43 ಇಂಚಿನ ಸಾಧಾರಣ ಟಿವಿ. ಅದರ ಹೆಡ್‌ಫೋನ್ ತೂತಿನಿಂದ ಒಂದು ವೈರ್ ಹಳೇ ಆಂಪ್ಲಿಫೈಯರ್‌ಗೆ ಹೋಗುತ್ತದೆ, ಅಲ್ಲಿಂದ ಎರಡು ಪುಟ್ಟ ವಾರ್ಫ್‌ಡೇಲ್ ಸ್ಪೀಕರ್‌ಗೆ. ಟಿವಿ ರಿಮೋಟ್‌ನಲ್ಲೇ ಸದ್ದು ಏರಿಳಿಯುತ್ತದೆ. ಟಿವಿ ಬಿಟ್ಟು ಇವೆಲ್ಲಾ ಸೇರಿ 75 ಪೌಂಡ್, ಅಂದರೆ ಸುಮಾರು 9,000 ರೂಪಾಯಿ. ಮೊದಲ ರಾತ್ರಿ ಕನ್ನಡ ವಾರ್ತೆ ಹಚ್ಚಿದೆ. ಓದುವವರು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಅಕ್ಕಪಕ್ಕದ ಮನೆಗೆ ತೊಂದರೆ ಆಗದಷ್ಟು ಕಮ್ಮಿ ಸದ್ದಿನಲ್ಲಿ!

ಇವನ್ನು ತಂದಿದ್ದು ಚಾರಿಟಿ ಅಂಗಡಿಯಿಂದ. ಜನ ತಮಗೆ ಬೇಡವಾದ ಸಾಮಾನು ಅಲ್ಲಿಗೆ ಕೊಡುತ್ತಾರೆ. ಕರೆಂಟಿನ ಸಾಮಾನನ್ನು ಪರೀಕ್ಷೆ ಮಾಡಿ, ಪಾಸಾಗಿದೆ ಅಂತ ಪ್ಲಗ್ ಹತ್ತಿರ ಪುಟ್ಟ ಹಸಿರು ಸ್ಟಿಕರ್ ಅಂಟಿಸಿ ಮಾರುತ್ತಾರೆ. ಮೂವತ್ತು ವರ್ಷದ ಆಂಪ್ಲಿಫೈಯರ್ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾ ಹಾಡುತ್ತಲೇ ಇರುತ್ತದೆ. ನಮ್ಮ ಕಡೆ? ತೊಂಬತ್ತರ ದಶಕದಲ್ಲಿ ಅಪ್ಪ ಕಂತು ಕಟ್ಟಿ ತಂದಿದ್ದ ಡೆಕ್ಕು ಎಲ್ಲಿ ಅಂತ ಕೇಳಿದೆ. ಗೃಹಪ್ರವೇಶಕ್ಕೆ ಮುಂಚೆ ಗುಜರಿಯವನಿಗೆ ಹಾಕಿದರಂತೆ. ಹಳೇ ಪೇಪರ್ ಜೊತೆ, ಕೆಜಿ ಲೆಕ್ಕದಲ್ಲಿ. ಕಡೇವರೆಗೂ ಚೆನ್ನಾಗಿಯೇ ಹಾಡುತ್ತಿತ್ತು ಅದು. ನನಗೆ ನಿಜಕ್ಕೂ ಸಿಟ್ಟು ಬಂತು.

ಇಂಗ್ಲೆಂಡಿನವರಿಗೆ ಮಾತು ಕೇಳಿಸದಿದ್ದರೆ ಸುಮ್ನೆ ಕೂರುವ ಅಭ್ಯಾಸ ಇಲ್ಲ. 2014ರಲ್ಲಿ ಬಿಬಿಸಿಯ ಒಂದು ಧಾರಾವಾಹಿಯಲ್ಲಿ ಪಾತ್ರಗಳ ಮಾತು ಸ್ಪಷ್ಟ ಇಲ್ಲ ಅಂತ ಎರಡು ಸಾವಿರಕ್ಕೂ ಜಾಸ್ತಿ ಜನ ದೂರು ಕೊಟ್ಟರು. ಅದೇ ಬಿಬಿಸಿಯ ಎಂಜಿನಿಯರ್‌ಗಳು ಎಪ್ಪತ್ತರ ದಶಕದಲ್ಲಿ ಎಲ್‌ಎಸ್3/5ಎ ಅನ್ನೋ ಪುಟ್ಟ ಸ್ಪೀಕರ್ ಮಾಡಿದ್ದರು. ಹೊರಗಡೆ ರೆಕಾರ್ಡ್ ಮಾಡುವ ವ್ಯಾನ್‌ನ ಇಕ್ಕಟ್ಟಿನಲ್ಲಿ ಕೂತು ಮನುಷ್ಯರ ದನಿ ಸರಿಯಾಗಿದೆಯಾ ಅಂತ ನೋಡೋಕೆ. ನನ್ನ ವಾರ್ಫ್‌ಡೇಲ್‌ನ ಹುಟ್ಟೂರೂ ಲೀಡ್ಸ್‌ಗೆ ಹತ್ತಿರ. 1932ರಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಅನ್ನುವವರು ಇಲ್ಕ್ಲಿಯ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಮೊದಲ ಸ್ಪೀಕರ್ ಕಟ್ಟಿದರು. ಸದ್ದನ್ನು ಇಷ್ಟು ಹಚ್ಚಿಕೊಂಡ ನಾಡಿನಲ್ಲಿ ಹಳೇ ಸ್ಪೀಕರ್‌ಗೂ ಒಂದು ಬೆಲೆ ಇದ್ದೇ ಇರುತ್ತದೆ.

ಜಾಹೀರಾತಿನ ವಿಷಯವೂ ಅಷ್ಟೇ. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಸದ್ದು ಏರುಪೇರಾಗಬಾರದು ಅಂತ ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ಆರ್128 ಅನ್ನೋ ಅಳತೆ ತಂದಿತು. ಇಲ್ಲಿನ ಚಾನೆಲ್‌ಗಳು ಅದನ್ನು ಪಾಲಿಸುತ್ತವೆ. ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಜಾಹೀರಾತು ವಿಪರೀತ ಜೋರಾಗಿ ಇರಬಾರದು ಅಂತ 1994ರ ಕೇಬಲ್ ಟಿವಿ ನಿಯಮಗಳಲ್ಲೇ ಬರೆದಿದೆ. ಅಮ್ಮನ ಮ್ಯೂಟ್ ಬಟನ್ ಸವೆದು ಅಕ್ಷರ ಅಳಿಸಿಹೋಗಿದೆ.

ನಮಗೆ ಸದ್ದಿನ ರುಚಿ ಇರಲಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅಜ್ಜನ ರೇಡಿಯೊ ಮರದ ಪೆಟ್ಟಿಗೆಯದ್ದು. ಅದಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ದುಡ್ಡು ಬೇರೆ ಕಟ್ಟುತ್ತಿದ್ದರು. ಪ್ರದೇಶ ಸಮಾಚಾರ ಹಿತ್ತಲಿಗೂ ಕೇಳಿಸುತ್ತಿತ್ತು, ಒಂದಕ್ಷರ ತಪ್ಪುತ್ತಿರಲಿಲ್ಲ. ಆಮೇಲೆ ಡಬ್ಬದ ಮೇಲೆ ಸಾವಿರಗಟ್ಟಲೆ ವಾಟ್ ಪಿಎಂಪಿಒ ಅಂತ ಬರೆದ ಸ್ಪೀಕರ್‌ಗಳು ಬಂದವು. ಆ ಲೆಕ್ಕ ಕ್ಷಣಮಾತ್ರದ ಏರಿಕೆಯದ್ದು, ಸಂಜೆಯಿಡೀ ಕೇಳುವ ಸದ್ದಿನದ್ದಲ್ಲ. ಅಲ್ಲಿಂದ ನಮಗೆ ಸದ್ದು ಅಂದರೆ ದಡದಡ ಅನ್ನೋದು ಅಂತಾಗಿಬಿಟ್ಟಿತು. ಈಗಲೂ ಮದುವೆ ಮನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಸೌಂಡ್ ಸಿಸ್ಟಂಗೆ ಎಷ್ಟು ಬೇಕಾದರೂ ಕೊಡುತ್ತೇವೆ. ಅಮ್ಮ ದಿನಾ ನೋಡುವ ಟಿವಿಗೆ ಪ್ರತ್ಯೇಕ ಸ್ಪೀಕರ್ ಅಂದರೆ ಮಾತ್ರ ದಂಡ ಅನಿಸುತ್ತದೆ. ಹತ್ತು ಇಂಚು ಕಮ್ಮಿ ತಗೊಂಡು, ಉಳಿದ ದುಡ್ಡನ್ನು ಸ್ಪೀಕರ್‌ಗೆ ಹಾಕಬಹುದಿತ್ತು ಅಲ್ವಾ?

ತಮ್ಮ ಸುಮ್ಮನಿರಲಿಲ್ಲ. "ನಿಮ್ಮಲ್ಲಿ ನೋಡೋಕೇ ದುಡ್ಡು ಕೊಡಬೇಕಲ್ಲ" ಅಂದ. ಅದು ಸರಿ. ಟಿವಿ ಲೈಸೆನ್ಸ್ 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174.50 ಪೌಂಡ್ ಆಯಿತು. ತಿಂಗಳಿಗೆ 1,700 ರೂಪಾಯಿ ಬಿತ್ತು. ನೇರ ಪ್ರಸಾರ ನೋಡಬೇಕಾದರೆ ಯಾವ ಚಾನೆಲ್ ಆದರೂ ಕಟ್ಟಲೇಬೇಕು, ಮತ್ತೆ ಅದರಲ್ಲಿ ಒಂದೂ ಕನ್ನಡ ಚಾನೆಲ್ ಇಲ್ಲ. ಅವನ ಕೇಬಲ್ ಬಿಲ್ಲು ತಿಂಗಳಿಗೆ 300 ಚಿಲ್ಲರೆ, ಕನ್ನಡ ಚಾನೆಲ್‌ಗಳೆಲ್ಲ ಬರುತ್ತವೆ. ಅದೂ ಬೇಡ ಅಂದರೆ ಡಿಡಿ ಫ್ರೀ ಡಿಶ್ ಇದೆ, ತಿಂಗಳ ಖರ್ಚೇ ಇಲ್ಲ, ಚಂದನ ಬರುತ್ತದೆ.

ಇನ್ನೊಂದನ್ನೂ ಹೇಳಬೇಕು. ನನ್ನ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್, ದಪ್ಪ ಪರದೆ, ಫ್ಯಾನ್ ಇಲ್ಲ. ತಮ್ಮನ ಹಾಲ್ ಪೂರ್ತಿ ಟೈಲ್ಸ್, ಮೇಲೆ ಫ್ಯಾನ್ ನಾಲ್ಕರಲ್ಲಿ, ಪಕ್ಕದಲ್ಲೇ ಅಡುಗೆಮನೆಯ ಮಿಕ್ಸಿ. ನನ್ನ ಸ್ಪೀಕರ್ ಅಲ್ಲಿಟ್ಟರೆ ಇಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ಆದರೂ ಟಿವಿಯದ್ದಕ್ಕಿಂತ ಎಷ್ಟೋ ವಾಸಿ.

ರಿಪೇರಿಯ ವಿಷಯದಲ್ಲಂತೂ ಊರೇ ಮೇಲು. ನನ್ನ ಆಂಪ್ಲಿಫೈಯರ್‌ನ ಎಡಗಡೆ ಸದ್ದು ನಿಂತಾಗ ಇಲ್ಲಿ ಬಿಚ್ಚಿ ನೋಡುವುದಕ್ಕೇ 50 ಪೌಂಡ್ ಕೇಳಿದರು. ಕೊನೆಗೆ ತಮ್ಮನ ಪರಿಚಯದ ರಿಪೇರಿಯವರು ವಿಡಿಯೊ ಕಾಲ್‌ನಲ್ಲಿ ನೋಡಿ, "ವಾಲ್ಯೂಮ್ ತಿರುಪಿನೊಳಗೆ ಧೂಳು ಸಾರ್, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ" ಅಂದರು. ಕರೆಂಟು ತೆಗೆದು ಹಾಗೇ ಮಾಡಿದೆ. ಸದ್ದು ಬಂತು. ಅವರ ಅಂಗಡಿಯ ಅಟ್ಟದ ಮೇಲೆ ಸರಿ ಮಾಡಿಟ್ಟ ಎರಡು ಹಳೇ ಆಂಪ್ಲಿಫೈಯರ್ ಇವೆಯಂತೆ. 3,000ಕ್ಕೆ ಕೊಡ್ತೀನಿ ಅಂದರೂ ಕೇಳೋರಿಲ್ಲ. ಒಂದನ್ನು ನಮಗೆ ಎತ್ತಿಡಲು ಹೇಳಿದ್ದೇನೆ. ಸ್ಪೀಕರ್ ಇಲ್ಲಿಂದ ನಾನೇ ತರುತ್ತೇನೆ.