ಪುಕ್ಕಟೆ ಸಾಫ್ಟ್‌ವೇರ್, ಕೆಲಸ ಪುಕ್ಕಟೆಯಲ್ಲ

‘ಓಪನ್ ಸೋರ್ಸ್ ಪುಕ್ಕಟೆ ತಾನೇ, ಬದಲಾವಣೆಗೆ ದುಡ್ಡು ಯಾಕೆ’ ಎಂದು ನಿಮ್ಮ ಲೇಖನದಲ್ಲಿ ಕೇಳಿದ್ದೀರಿ. ಓಪನ್ ಸೋರ್ಸ್ ಅಂದ್ರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಿಕೊಳ್ಳಬಹುದಾದ ಸಾಫ್ಟ್‌ವೇರ್. ನಮ್ಮ ಕಾಲೇಜು ಲೈಬ್ರರಿಯಲ್ಲಿರುವ ಕೋಹಾ ಎಂಬ ಓಪನ್ ಸೋರ್ಸ್ ಲೈಬ್ರರಿ ಸಾಫ್ಟ್‌ವೇರ್ ಹುಟ್ಟಿದ್ದೇ ದುಡ್ಡು ಕೊಟ್ಟು ಮಾಡಿಸಿದ ಕೆಲಸದಿಂದ. ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟ್‌ನ ಹಳೆಯ ಸಾಫ್ಟ್‌ವೇರ್ 2000ನೇ ಇಸವಿಯ ದಿನಾಂಕಗಳನ್ನು ನಿಭಾಯಿಸುವಂತಿರಲಿಲ್ಲ. 1999ರಲ್ಲಿ ಕಟಿಪೊ ಎಂಬ ಕಂಪನಿಯಿಂದ ಹೊಸದು ಬರೆಸಿದರು. ಆಮೇಲೆ ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದ್ರೆ ಉಡುಗೊರೆ, ಹೆಸರು ಸರಿಯಾಗಿದೆ ಅಲ್ವಾ?

ನಾವು ಎಡವಿದ್ದು ಬೇರೆ ಕಡೆ. ದಂಡದ ಲೆಕ್ಕಕ್ಕೆ ಸಣ್ಣ ಬದಲಾವಣೆ ಬೇಕಿತ್ತು, ಒಬ್ಬರಿಗೆ ದುಡ್ಡು ಕೊಟ್ಟು ಮಾಡಿಸಿದೆವು. ಅವರು ನಮ್ಮ ಸರ್ವರಿನಲ್ಲಷ್ಟೇ ಕೋಡ್ ತಿದ್ದಿ ಹೋದರು. ಮುಂದಿನ ಅಪ್‌ಗ್ರೇಡ್‌ಗೆ ಎಲ್ಲ ಮಾಯ! ತಿದ್ದಿದ್ದು ಮುಂದಿನ ಆವೃತ್ತಿಗಳಲ್ಲೂ ಉಳಿಯುವಂತೆ ಅದನ್ನು ಮೂಲ ಕೋಹಾ ನೋಡಿಕೊಳ್ಳುವವರಿಗೂ ಕಳಿಸಬೇಕು ಅಂತ ಮೊದಲೇ ಬರೆಸಿಕೊಳ್ಳಬೇಕಿತ್ತು. ಈಗ ಅದೇ ಕೆಲಸಕ್ಕೆ ಎರಡನೇ ಸಲ ಕೊಟೇಶನ್ ತರಿಸುತ್ತಿದ್ದೇವೆ.