ಹಾಚ್‌ಕಿಸ್ ಆಯುಧ ಬಿಟ್ಟಿತು ಅಂತ ಯಾರು ಹೇಳಿದ್ದು?

ಆಯುಧ ಮಾಡುತ್ತಿದ್ದವರು ಅದನ್ನು ಬಿಟ್ಟು ಕಾರು ಮಾಡಲು ಹೊರಟರು ಅನ್ನುವ ಕಥೆ ಕೇಳೋಕೆ ಚೆಂದ. ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಬಗ್ಗೆಯೂ ಸುಲಭವಾಗಿ ಹೀಗೆ ಹೇಳಿಬಿಡಬಹುದು. ನನಗಂತೂ ಇದು ಒಪ್ಪಿಗೆಯಿಲ್ಲ.

ಮೊದಲನೆಯದಾಗಿ, ಕಂಪನಿ ಕಟ್ಟಿದ ಬೆಂಜಮಿನ್ ಹಾಚ್‌ಕಿಸ್ ಫ್ರೆಂಚನೇ ಅಲ್ಲ, ಅಮೆರಿಕದವನು. ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ 1867ರಲ್ಲಿ ಫ್ರಾನ್ಸಿಗೆ ಬಂದ. 1875ರ ಹೊತ್ತಿಗೆ ಪ್ಯಾರಿಸ್ ಪಕ್ಕದ ಸೇಂಟ್ ಡೆನಿಯಲ್ಲಿ ಅವನ ಕಾರ್ಖಾನೆ ನಡೆಯುತ್ತಿತ್ತು. 1885ರಲ್ಲಿ ತೀರಿಕೊಂಡ. ಐದು ವರ್ಷದ ನಂತರ, 1890ರ ಡಿಸೆಂಬರ್ 29ರಂದು, ಅಮೆರಿಕದ ವೂಂಡೆಡ್ ನೀ ಎಂಬಲ್ಲಿ ಸೇನೆ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರ ಮೇಲೆ ಗುಂಡಿನ ಮಳೆ ಸುರಿಸಿತು. ಹೆಂಗಸರು, ಮಕ್ಕಳು ಅಂತಲೂ ನೋಡಲಿಲ್ಲ. ಅಲ್ಲಿ ಬಳಸಿದ ಸಣ್ಣ ಫಿರಂಗಿಗಳು ಹಾಚ್‌ಕಿಸ್‌ನವು. ಕಾರಿನ ಚರಿತ್ರೆ ಬರೆಯುವವರು ಈ ಪುಟವನ್ನು ಬೇಗ ತಿರುವಿಬಿಡುತ್ತಾರೆ.

ಕಾರು ಶುರುವಾಗಿದ್ದು 1903ರಲ್ಲಿ. ಆಯುಧದ ಆರ್ಡರ್ ಎಲ್ಲಾ ಕಾಲಕ್ಕೂ ಒಂದೇ ಸಮ ಬರುವುದಿಲ್ಲ, ಆದರೆ ಕಾರ್ಖಾನೆ ನಡೆಯಲೇಬೇಕಲ್ವಾ? ಪನಾರ್‌ನಂಥ ಕಾರು ಕಂಪನಿಗಳಿಗೆ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ಮಾಡಿಕೊಟ್ಟು ಇವರ ಕೈ ಆಗಲೇ ಪಳಗಿತ್ತು. ಹಾಗಾಗಿ ತಾವೇ ಕಾರು ಮಾಡಿದರು. ಲಾಂಛನ ಮಾತ್ರ ಅದೇ, ಅಡ್ಡಡ್ಡ ಇಟ್ಟ ಎರಡು ಫಿರಂಗಿ! ಸಂಸಾರ ಸಮೇತ ಸುತ್ತಾಡೋ ಕಾರಿನ ಮುಂದೆ ಫಿರಂಗಿ ಇಡೋಕೆ ಇವರಿಗೆ ಒಂಚೂರೂ ಸಂಕೋಚ ಇರಲಿಲ್ಲ. ನನಗೆ ಇವರಲ್ಲಿ ಇಷ್ಟವಾಗೋದೇ ಈ ಮುಚ್ಚುಮರೆ ಇಲ್ಲದಿರುವುದು.

1914ರಲ್ಲಿ ಯುದ್ಧ ಬಂತು, ಮೆಷಿನ್‌ಗನ್ನೇ ಮತ್ತೆ ಮುಖ್ಯ ಕಸುಬಾಯಿತು. ಇಂಗ್ಲೆಂಡಿನ ಕೊವೆಂಟ್ರಿಯಲ್ಲೂ ಕಾರ್ಖಾನೆ ತೆರೆದರು. ಯುದ್ಧ ಮುಗಿದ ಮೇಲೆ ಅದಕ್ಕೆ ಕೆಲಸವಿಲ್ಲ. ಮಾರಿಸ್ ಕಾರುಗಳಿಗೆ ಎಂಜಿನ್ ಮಾಡಿಕೊಟ್ಟರು. 1923ರಲ್ಲಿ ವಿಲಿಯಂ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡ. ಹೌದು, ಮುಂದೆ ನಮ್ಮ ಅಂಬಾಸಿಡರ್‌ಗೆ ಮೂಲವಾದ ಆಕ್ಸ್‌ಫರ್ಡ್ ಕಾರು ಇದೇ ಮಾರಿಸ್ ಹೆಸರಿನದು.

ನಂಟು ಅಲ್ಲಿಗೇ ಮುಗಿಯಲ್ಲ. ಡಿಪ್ಲೊಮಾದಲ್ಲಿ ಆಟೊಮೊಬೈಲ್ ಓದಿದವರಿಗೆ ಹಾಚ್‌ಕಿಸ್ ಡ್ರೈವ್ ಮತ್ತು ಟಾರ್ಕ್ ಟ್ಯೂಬ್ ಡ್ರೈವ್ ವ್ಯತ್ಯಾಸ ಬರೆಯಿರಿ ಅನ್ನೋ ಪ್ರಶ್ನೆ ನೆನಪಿರಬೇಕು. ಎರಡೂ ಎಂಜಿನ್ನಿನ ಶಕ್ತಿಯನ್ನು ಶಾಫ್ಟ್ ಅನ್ನೋ ಉದ್ದ ದಂಡದ ಮೂಲಕ ಹಿಂದಿನ ಚಕ್ರಗಳಿಗೆ ತಲುಪಿಸುವ ವಿಧಾನಗಳು. ಚಕ್ರ ಒಂದು ಕಡೆ ತಿರುಗಿದರೆ ಹಿಂದಿನ ಆಕ್ಸಲ್ ಹೌಸಿಂಗ್ (ಅಚ್ಚಿನ ಹೊರಕವಚ) ಇನ್ನೊಂದು ಕಡೆ ತಿರುಚಿಕೊಳ್ಳಲು ನೋಡುತ್ತದೆ. ಫೋರ್ಡ್‌ನ ಮಾಡೆಲ್ ಟಿಯಲ್ಲಿ ಅದನ್ನು ತಡೆಯಲು ಶಾಫ್ಟ್ ಸುತ್ತ ಗಟ್ಟಿ ಕೊಳವೆ ಇತ್ತು, ಅದೇ ಟಾರ್ಕ್ ಟ್ಯೂಬ್. ಹಾಚ್‌ಕಿಸ್ ವಿಧಾನದಲ್ಲಿ ಕೊಳವೆ ಇಲ್ಲ, ಶಾಫ್ಟ್ ಬಯಲಲ್ಲೇ ಇರುತ್ತದೆ. ಎರಡು ತುದಿಗೂ ಯೂನಿವರ್ಸಲ್ ಜಾಯಿಂಟ್, ಅಂದರೆ ಓರೆಯಾದರೂ ತಿರುಗುವ ಕೀಲು. ತಿರುಚುವ ಬಲ, ಮುಂದಕ್ಕೆ ತಳ್ಳುವ ಬಲ, ಎರಡನ್ನೂ ಲೀಫ್ ಸ್ಪ್ರಿಂಗ್ ಎಂಬ ಉಕ್ಕಿನ ಪಟ್ಟಿಗಳ ಕಟ್ಟೇ ತಡೆದುಕೊಳ್ಳುತ್ತದೆ. ಅಂಬಾಸಿಡರ್‌ನಲ್ಲಿ ಇದ್ದದ್ದು ಇದೇ. ರಸ್ತೆ ಬದಿ ನಿಂತ ಲಾರಿಯ ಕೆಳಗೆ ಬಗ್ಗಿ ನೋಡಿ, ಇವತ್ತೂ ಕಾಣುತ್ತದೆ.

ಕಾರುಗಳೂ ಕಳಪೆಯೇನಲ್ಲ. ಮಾಂಟೆ ಕಾರ್ಲೊ ರ್‍ಯಾಲಿಯನ್ನು 1932, 33, 34ರಲ್ಲಿ ಸತತವಾಗಿ ಗೆದ್ದವು. 1939ರಲ್ಲಿ ಡೆಲಹಾಯ್ ಎಂಬ ಇನ್ನೊಂದು ಫ್ರೆಂಚ್ ಕಂಪನಿಯ ಕಾರಿನ ಜೊತೆ ಮೊದಲ ಸ್ಥಾನ ಹಂಚಿಕೊಂಡು, 1949, 50ರಲ್ಲಿ ಮತ್ತೆ ಗೆದ್ದವು.

ಅಷ್ಟರಲ್ಲಿ 1936ರ ಕಾನೂನಿನಂತೆ ಫ್ರೆಂಚ್ ಸರ್ಕಾರ ಆಯುಧ ವಿಭಾಗವನ್ನು ವಶಕ್ಕೆ ತೆಗೆದುಕೊಂಡಿತ್ತು. ಅಂದರೆ ಬಂದೂಕನ್ನು ಇವರು ಬಿಟ್ಟದ್ದಲ್ಲ, ಸರ್ಕಾರ ಕಿತ್ತುಕೊಂಡದ್ದು. ಎರಡನೇ ಮಹಾಯುದ್ಧದ ನಂತರ ಗ್ರೆಗ್ವಾರ್ ಎಂಬ ಎಂಜಿನಿಯರ್‌ನ ಅಲ್ಯೂಮಿನಿಯಂ ಕಾರನ್ನು ನಂಬಿ ಕೈ ಸುಟ್ಟುಕೊಂಡರು. ಜಾಣ ಕಾರು, ಆದರೆ ಬೆಲೆ ವಿಪರೀತ. 250 ಕೂಡ ತಯಾರಾಗಲಿಲ್ಲ. 1954ರ ಹೊತ್ತಿಗೆ ಕಾರಿನ ಕಥೆ ಮುಗಿಯಿತು.

ಆಮೇಲೆ ಏನು ಮಾಡಿದರು? ನಮ್ಮ ಮಹೀಂದ್ರದವರ ಹಾಗೆ ಅಮೆರಿಕದ ವಿಲ್ಲಿಸ್ ಕಂಪನಿಯ ಲೈಸೆನ್ಸ್ ಪಡೆದು ಜೀಪ್ ಮಾಡಿದರು, ಹೆಚ್ಚಾಗಿ ಫ್ರೆಂಚ್ ಸೇನೆಗೆ. ಪಶ್ಚಿಮ ಜರ್ಮನಿಯ ಸೇನೆಗೆ ಚೈನ್ ಚಕ್ರದ ಕವಚ ವಾಹನ ಕೊಟ್ಟರು. 1956ರಲ್ಲಿ ಬ್ರ್ಯಾಂಡ್ಟ್ ಎಂಬ ಕಂಪನಿ ಜೊತೆ ವಿಲೀನವಾದರು. ಬ್ರ್ಯಾಂಡ್ಟ್ ಹೆಸರುವಾಸಿಯಾಗಿದ್ದು ಮಾರ್ಟರ್‌ಗಳಿಗೆ, ಅಂದರೆ ಶೆಲ್ ಎಸೆಯುವ ಗಿಡ್ಡ ಫಿರಂಗಿಗಳಿಗೆ.